ಕಲ್ಲಿನ ಚೂರುಗಳಲ್ಲಿ ಉಳಿದುಕೊಂಡ ಗ್ರೀಕ್ ಚಿತ್ರಕಲೆ

ಮುಂಬಯಿಯಲ್ಲೋ ಪುಣೆಯಲ್ಲೋ ಹಳೆಯ ಕಟ್ಟಡಗಳಲ್ಲಿ ಸಂಸಾರ ಮಾಡಿದವರಿಗೆ ‘ಮೊಸಾಯಿಕ್’ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಸಿಮೆಂಟಿಗೆ ಮಾರ್ಬಲ್ ಚಿಪ್ಸ್ ಸೇರಿಸಿ, ಮೆಷಿನ್ ಇಟ್ಟು ತಿಕ್ಕಿಸಿ, ನುಣ್ಣಗೆ ಪಾಲಿಶ್ ಮಾಡಿದ ನೆಲ. ಬೇಸಿಗೆಯ ಮಧ್ಯಾಹ್ನ ಚಾಪೆಯೂ ಇಲ್ಲದೆ ಅದರ ಮೇಲೆ ಮಲಗಿದರೆ ಬೆನ್ನಿಗೆ ತಂಪು. ಊರಿನಲ್ಲೂ ಒಂದು ಕಾಲಕ್ಕೆ ಮನೆಗೆ ಮೊಸಾಯಿಕ್ ಹಾಕಿಸುವುದೆಂದರೆ ಸಣ್ಣ ಹೆಮ್ಮೆಯ ಮಾತಾಗಿತ್ತು. ಈಗ ಕಟ್ಟಡಗಳು ಒಂದೊಂದಾಗಿ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿವೆ. ಆ ನೆಲಗಳು ಒಡೆದು ರಾಬಿಟ್ ಆಗಿ ಲಾರಿ ಏರುತ್ತಿವೆ. ಯಾರೂ ಅವುಗಳ ಫೋಟೋ ಕೂಡ ತೆಗೆದಿಡುವುದಿಲ್ಲ. ನೆಲವಲ್ಲವೇ, ಅದರಲ್ಲಿ ಉಳಿಸಿಕೊಳ್ಳುವುದೇನಿದೆ?

ಕಟ್ಟುನಿಟ್ಟಾಗಿ ಹೇಳಬೇಕೆಂದರೆ ನಮ್ಮ ಮನೆಗಳ ಆ ನೆಲಕ್ಕೆ ‘ಟೆರಾಝೋ’ ಎಂಬ ಬೇರೆ ಹೆಸರಿದೆ. ಮೊಸಾಯಿಕ್ ಎಂಬ ಹೆಸರು ನಿಜವಾಗಿ ಸಲ್ಲಬೇಕಾದದ್ದು ಇನ್ನೊಂದಕ್ಕೆ: ಬಣ್ಣಬಣ್ಣದ ಸಣ್ಣ ಕಲ್ಲುಗಳನ್ನು ಒಂದರ ಪಕ್ಕ ಒಂದು ಹಸಿ ಗಾರೆಯಲ್ಲಿ ಕೂರಿಸಿ ಮಾಡಿದ ಚಿತ್ರಕ್ಕೆ. ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರೂ ರೋಮನ್ನರೂ ಇಂಥ ಚಿತ್ರಗಳನ್ನು ಮನೆಯ ನೆಲಕ್ಕೆ ಹಾಸಿಕೊಂಡಿದ್ದರು. ಅವುಗಳ ಮೇಲೆ ನಡೆದಾಡುತ್ತಿದ್ದರು, ಊಟಕ್ಕೆ ಕೂರುತ್ತಿದ್ದರು. ಹೀಗೆ ತುಳಿಸಿಕೊಂಡ ನೆಲಗಳೇ ಇಂದು ಜಗತ್ತು ಕಳೆದುಕೊಂಡ ಒಂದು ದೊಡ್ಡ ಕಲೆಗೆ ಸಾಕ್ಷಿಯಾಗಿ ನಿಂತಿವೆ.

ಬೂದಿಯ ಅಡಿಯ ಯುದ್ಧ

ಇಟಲಿಯ ಪೊಂಪೇಯಿ ನಗರ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಯಿತು. ಅಲ್ಲಿನ ಅತಿ ದೊಡ್ಡ ಮನೆಗಳಲ್ಲಿ ಒಂದಕ್ಕೆ ಇಂದು ‘ಫಾನ್‌ನ ಮನೆ’ ಎಂದು ಹೆಸರು. ಅಂಗಳದಲ್ಲಿ ಕುಣಿಯುವ ಭಂಗಿಯ ಒಂದು ಪುಟ್ಟ ಕಂಚಿನ ಮೂರ್ತಿ ಸಿಕ್ಕಿದ್ದರಿಂದ ಬಂದ ಹೆಸರು ಅದು. ಒಂದು ಇಡೀ ಬ್ಲಾಕನ್ನೇ ಆಕ್ರಮಿಸಿಕೊಂಡ ಆ ಮನೆಯಲ್ಲಿ ಎರಡು ಕಂಬಸಾಲಿನ ತೋಟಗಳಿದ್ದವು. ಅವೆರಡರ ನಡುವಿನ ಕೋಣೆಯ ನೆಲವನ್ನು 1831ರ ಅಕ್ಟೋಬರ್ 24ರಂದು ಅಗೆದು ತೆರೆದಾಗ ಕಂಡದ್ದು ಒಂದು ಮಹಾಯುದ್ಧ.

ಚಿತ್ರದ ಅಳತೆ 5.13 ಮೀಟರ್ ಅಗಲ, 2.72 ಮೀಟರ್ ಎತ್ತರ. ಎಡಗಡೆ ಶಿರಸ್ತ್ರಾಣವಿಲ್ಲದ ತಲೆ, ದೊಡ್ಡ ಕಣ್ಣು, ಎದೆಕವಚದ ಮೇಲೆ ಮೆಡೂಸಾಳ ಮುಖ ಇರುವ ಯುವಕನೊಬ್ಬ ಕುದುರೆಯ ಮೇಲೆ ನುಗ್ಗಿಬರುತ್ತಿದ್ದಾನೆ. ಅವನೇ ಅಲೆಕ್ಸಾಂಡರ್. ಅವನ ಈಟಿ ಒಬ್ಬ ಪರ್ಷಿಯನ್ ಸರದಾರನನ್ನು ಇರಿದು ಹಾದುಹೋಗಿದೆ. ಬಲಗಡೆ ರಥದ ಮೇಲೆ ಪರ್ಷಿಯಾದ ಚಕ್ರವರ್ತಿ ದಾರಿಯಸ್. ಸಾರಥಿ ಚಾಟಿ ಎತ್ತಿದ್ದಾನೆ, ಕುದುರೆಗಳು ಆಗಲೇ ಬಲಕ್ಕೆ ತಿರುಗಿ ಓಡತೊಡಗಿವೆ. ದಾರಿಯಸ್ ಮಾತ್ರ ಹಿಂದೆ ತಿರುಗಿ, ತನಗಾಗಿ ಸಾಯುತ್ತಿರುವ ಆ ಸರದಾರನ ಕಡೆಗೆ ಕೈ ಚಾಚಿದ್ದಾನೆ. ಇಡೀ ಚಿತ್ರದಲ್ಲಿ ನಮ್ಮ ಕಣ್ಣು ಹೋಗಿ ನಿಲ್ಲುವುದು ಗೆದ್ದವನ ಮುಖದ ಮೇಲಲ್ಲ, ಸೋಲುತ್ತಿರುವವನ ಆ ಕೈಯ ಮೇಲೆ.

ಇದು ಕ್ರಿ.ಪೂ. 333ರ ಇಸ್ಸಸ್ ಯುದ್ಧವೋ, ಕ್ರಿ.ಪೂ. 331ರ ಗೌಗಮೇಲ ಯುದ್ಧವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೊಸಾಯಿಕ್ ಮಾಡಿದ್ದು ಸುಮಾರು ಕ್ರಿ.ಪೂ. 120ರಿಂದ 100ರ ನಡುವೆ ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಕಾಲ. ಬಳಸಿರುವ ಕಲ್ಲುಗಳು ಕಡಿಮೆಯೆಂದರೂ 15 ಲಕ್ಷ. ಲೆಕ್ಕ ಹಾಕಿದರೆ ಒಂದು ಚದರ ಸೆಂಟಿಮೀಟರ್‌ಗೆ, ಅಂದರೆ ಸರಿಸುಮಾರು ಕಿರುಬೆರಳಿನ ಉಗುರಿನಷ್ಟು ಜಾಗಕ್ಕೆ, ಹತ್ತಕ್ಕೂ ಹೆಚ್ಚು ಕಲ್ಲುಗಳಾಗುತ್ತವೆ.

ಇದರ ಸುದ್ದಿ ಯುರೋಪಿನಲ್ಲೆಲ್ಲ ಹಬ್ಬಿತು. ಜರ್ಮನಿಯ ಮಹಾಕವಿ ಗಯಟೆಗೆ ಇದರ ಪ್ರತಿಚಿತ್ರ ತಲುಪಿದ್ದು ಅವರ ಕೊನೆಯ ದಿನಗಳಲ್ಲಿ. 1832ರ ಮಾರ್ಚ್ 10ರಂದು ಅದರ ಬಗ್ಗೆ ಪತ್ರ ಬರೆದರು. ಮಾರ್ಚ್ 22ರಂದು ತೀರಿಕೊಂಡರು.

ಕಾಣೆಯಾದ ಮೂಲ

ಆ ಪತ್ರದ ಹಿಂದಿನ ಬೆರಗಿಗೆ ಕಾರಣವಿತ್ತು. ಗ್ರೀಕರ ಶಿಲ್ಪಗಳು ಯುರೋಪಿಗೆ ಗೊತ್ತಿದ್ದವು, ದೇವಾಲಯಗಳೂ ಗೊತ್ತಿದ್ದವು. ಆದರೆ ಗ್ರೀಕರು ಎಲ್ಲಕ್ಕಿಂತ ಹೆಚ್ಚಾಗಿ ಕೊಂಡಾಡುತ್ತಿದ್ದ ಅವರ ಚಿತ್ರಕಲೆ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಅಪೆಲ್ಲೀಸ್, ಝ್ಯೂಕ್ಸಿಸ್, ಪರ್ಹೇಸಿಯಸ್, ನಿಕೊಮ್ಯಾಕಸ್ ಇವರೆಲ್ಲ ತಮ್ಮ ಕಾಲದಲ್ಲಿ ರಾಜರೂ ಎದುರುನೋಡುತ್ತಿದ್ದ ಕಲಾವಿದರು. ಅವರು ಬಿಡಿಸುತ್ತಿದ್ದದ್ದು ಹೆಚ್ಚಾಗಿ ಮರದ ಹಲಗೆಯ ಮೇಲೆ. ಮರ ಹುಳು ಹಿಡಿಯುತ್ತದೆ, ತೇವ ಹಿಡಿಯುತ್ತದೆ, ಬೆಂಕಿಗೆ ಸಿಕ್ಕಿದರೆ ಬೂದಿ. ರೋಮನ್ ಸೇನಾಪತಿಗಳು ಗ್ರೀಸನ್ನು ಗೆದ್ದು ಹೊತ್ತೊಯ್ದ ಹಲಗೆಗಳು ರೋಮ್ ನಗರದ ಬೆಂಕಿಗಳಲ್ಲೂ ನಂತರದ ಶತಮಾನಗಳ ಅನಾದರದಲ್ಲೂ ಮುಗಿದುಹೋದವು. ಈ ಮಹನೀಯರದ್ದು ಎಂದು ಖಚಿತವಾಗಿ ಹೇಳಬಹುದಾದ ಒಂದೇ ಒಂದು ಹಲಗೆಯೂ ಇಂದು ಉಳಿದಿಲ್ಲ.

ಉಳಿದದ್ದು ಮಾತು. ಅದರಲ್ಲೂ ಹಿರಿಯ ಪ್ಲಿನಿ ಎಂಬ ರೋಮನ್ ಬರಹಗಾರನ ವಿಶ್ವಕೋಶದಂಥ ಗ್ರಂಥ ‘ನ್ಯಾಚುರಲ್ ಹಿಸ್ಟರಿ’. ಎರೆಟ್ರಿಯಾ ಊರಿನ ಫಿಲೋಕ್ಸೆನಸ್ ಎಂಬ ಚಿತ್ರಗಾರ ಮ್ಯಾಸಿಡೋನಿಯಾದ ರಾಜ ಕಸ್ಸಾಂಡರನಿಗಾಗಿ ಅಲೆಕ್ಸಾಂಡರ್-ದಾರಿಯಸ್ ಯುದ್ಧದ ಚಿತ್ರವನ್ನು ಬರೆದನೆಂದೂ, ಅದು ಬೇರೆ ಯಾವ ಚಿತ್ರಕ್ಕೂ ಕಡಿಮೆಯದಲ್ಲವೆಂದೂ ಪ್ಲಿನಿ ಹೇಳುತ್ತಾನೆ. ಪೊಂಪೇಯಿಯ ನೆಲ ಆ ಚಿತ್ರದ ಪ್ರತಿ ಇರಬೇಕೆಂದು ಹಲವರು ನಂಬುತ್ತಾರೆ. ಇನ್ನೊಂದು ಪ್ರಾಚೀನ ಬರಹದ ಪ್ರಕಾರ ಇಸ್ಸಸ್ ಯುದ್ಧವನ್ನು ಚಿತ್ರಿಸಿದವಳು ಒಬ್ಬ ಹೆಣ್ಣುಮಗಳು. ಈಜಿಪ್ಟಿನ ಟಿಮೋನ್‌ನ ಮಗಳು ಹೆಲೆನ್. ಆ ಚಿತ್ರವನ್ನು ಮುಂದೆ ವೆಸ್ಪೇಸಿಯನ್ ಚಕ್ರವರ್ತಿ ರೋಮ್‌ನ ಶಾಂತಿ ದೇವಾಲಯದಲ್ಲಿ ಇಡಿಸಿದನಂತೆ. ಮೂಲ ಯಾರದ್ದು ಎಂಬ ಪ್ರಶ್ನೆಗೆ ಕೊನೆಯ ಉತ್ತರ ಸಿಕ್ಕಿಲ್ಲ.

ಪ್ಲಿನಿಯ ವಿಷಯದಲ್ಲಿ ಒಂದು ಕಾಕತಾಳೀಯ. ಅವನು ಸತ್ತದ್ದೂ ಕ್ರಿ.ಶ. 79ರ ಅದೇ ವೆಸೂವಿಯಸ್ ಸ್ಫೋಟದಲ್ಲಿ, ಪೊಂಪೇಯಿಗೆ ಹತ್ತಿರದ ಸ್ಟಾಬಿಯೇ ಕರಾವಳಿಯಲ್ಲಿ. ಗ್ರೀಕ್ ಚಿತ್ರಗಳ ಬಗ್ಗೆ ನಮಗೆ ಹೆಚ್ಚು ಹೇಳಿದ ಮನುಷ್ಯ ಮತ್ತು ಅವುಗಳಲ್ಲಿ ಒಂದನ್ನು ನಮಗೆ ಹೆಚ್ಚು ತೋರಿಸಿದ ನೆಲ, ಎರಡನ್ನೂ ನುಂಗಿದ್ದು ಒಂದೇ ಬೆಟ್ಟ.

ನೆಲದಲ್ಲಿ ಕುಂಚದ ಗುರುತು

ಇದು ಯಾವುದೋ ಚಿತ್ರದ ಪ್ರತಿ ಎಂದು ಹೇಗೆ ಹೇಳುವುದು? ಮೊದಲ ಸುಳಿವು ಬಣ್ಣ. ಅಪೆಲ್ಲೀಸ್, ನಿಕೊಮ್ಯಾಕಸ್ ಮೊದಲಾದ ಮಹಾ ಚಿತ್ರಗಾರರು ಬಿಳಿ, ಹಳದಿ, ಕೆಂಪು, ಕಪ್ಪು ಈ ನಾಲ್ಕೇ ಬಣ್ಣಗಳಲ್ಲಿ ಅಮರ ಕೃತಿಗಳನ್ನು ಮಾಡಿದರೆಂದು ಪ್ಲಿನಿ ಬರೆದಿದ್ದಾನೆ. ಎಲ್ಲ ಗ್ರೀಕ್ ಚಿತ್ರಗಾರರೂ ಹೀಗೇ ಮಾಡುತ್ತಿದ್ದರೆಂದಲ್ಲ. ಕೆಲವರು ಬೇಕೆಂದೇ ಒಪ್ಪಿಕೊಂಡ ಸಂಯಮ ಅದು. ಅಲೆಕ್ಸಾಂಡರ್ ಮೊಸಾಯಿಕ್ ನೋಡಿ: ನೀಲಿ, ಹಸಿರು ಬಹುತೇಕ ಇಲ್ಲ. ಆಕಾಶ ಕೂಡ ಬಿಳಿ. ಬಿಳಿ, ಹಳದಿ, ಕೆಂಪು, ಕಪ್ಪು ಮತ್ತು ಇವುಗಳ ನಡುವಿನ ಕಂದು, ಬೂದು ಛಾಯೆಗಳು. ಕಲ್ಲಿನಲ್ಲಿ ನೀಲಿಯೂ ಹಸಿರೂ ಸಿಗದೆ ಹೀಗಾಯಿತು ಎನ್ನುವಂತಿಲ್ಲ. ಅದೇ ಮನೆಯ ಬೇರೆ ಮೊಸಾಯಿಕ್‌ಗಳಲ್ಲಿ ಆ ಬಣ್ಣಗಳಿವೆ. ಫಿಲೋಕ್ಸೆನಸ್ ಇದೇ ನಿಕೊಮ್ಯಾಕಸ್‌ನ ಶಿಷ್ಯ ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

ಎರಡನೆಯದು ನೆರಳು ಬೆಳಕು. ರಥದ ಮುಂದೆ ಒಂದು ಕುದುರೆಯನ್ನು ಹಿಂಬದಿಯಿಂದ ತೋರಿಸಲಾಗಿದೆ. ಅದರ ದೇಹವೆಲ್ಲ ನಮ್ಮಿಂದ ದೂರಕ್ಕೆ, ಚಿತ್ರದ ಒಳಕ್ಕೆ ಹೋಗುತ್ತದೆ. ಸಪಾಟು ಮೇಲ್ಮೈಯ ಮೇಲೆ ಆಳವನ್ನು ಹುಟ್ಟಿಸುವ ಈ ವಿದ್ಯೆ ಬಂದದ್ದು ಕುಂಚ ಹಿಡಿದವರಿಂದ. ಕ್ರಿ.ಪೂ. 5ನೆಯ ಶತಮಾನದ ಕೊನೆಯಲ್ಲಿ ಅಥೆನ್ಸಿನ ಅಪೊಲೊಡೋರಸ್ ಎಂಬವನಿಗೆ ‘ನೆರಳಿನ ಚಿತ್ರಗಾರ’ ಎಂದೇ ಹೆಸರು ಬಿದ್ದಿತ್ತು. ಬಣ್ಣವನ್ನು ಹಂತಹಂತವಾಗಿ ಗಾಢಗೊಳಿಸಿ ವಸ್ತುವಿಗೆ ಉಬ್ಬು ತಗ್ಗು ಬರಿಸುವುದನ್ನು ಅವನು ಬೆಳೆಸಿದ.

ಮೂರನೆಯದು ಒಂದು ಮುಖ. ದಾರಿಯಸ್‌ನ ರಥದ ಹತ್ತಿರ ಒಬ್ಬ ಪರ್ಷಿಯನ್ ಸೈನಿಕ ನೆಲಕ್ಕೆ ಬಿದ್ದಿದ್ದಾನೆ. ಅವನು ನಮಗೆ ಬೆನ್ನು ಹಾಕಿದ್ದಾನೆ. ಆಸರೆಗೆ ಹಿಡಿದ ಗುರಾಣಿ ಕನ್ನಡಿಯಂತೆ ಹೊಳೆಯುತ್ತಿದೆ, ಅದರಲ್ಲಿ ಅವನ ಮುಖ ಕಾಣುತ್ತಿದೆ. ತಾನು ಸಾಯುವುದನ್ನು ತಾನೇ ನೋಡುತ್ತಿದ್ದಾನೆ. ಯುದ್ಧದ ಗದ್ದಲದ ನಡುವೆ ಇಂಥದೊಂದು ಕ್ಷಣವನ್ನು ಹುಡುಕಿ ಇಟ್ಟ ಮನಸ್ಸು ದೊಡ್ಡ ಚಿತ್ರಗಾರನದ್ದೇ ಇರಬೇಕು.

ನಾಲ್ಕನೆಯ ಸುಳಿವು ತಪ್ಪುಗಳಲ್ಲಿದೆ. ಕಿಕ್ಕಿರಿದ ಜಾಗಗಳಲ್ಲಿ ಯಾವ ಅಂಗ ಯಾರದ್ದು ಎಂದು ಸರಿಯಾಗಿ ಹೊಂದದ ಕಡೆಗಳನ್ನು ವಿದ್ವಾಂಸರು ತೋರಿಸಿದ್ದಾರೆ. ಮೂಲವನ್ನು ಕಲ್ಪಿಸಿದವನಿಗೆ ಇಂಥ ಗೊಂದಲ ಆಗುವುದಿಲ್ಲ. ಎದುರಿಗಿದ್ದುದನ್ನು ನೋಡಿ ತೆಗೆದವನಿಗೆ ಆಗುತ್ತದೆ.

ಇಷ್ಟಾದರೂ ಬಹುಕಾಲ ಇದೆಲ್ಲ ಊಹೆಯೇ ಆಗಿತ್ತು. ಹೋಲಿಸಿ ನೋಡಲು ಆ ಕಾಲದ ದೊಡ್ಡ ಚಿತ್ರವೇ ಇರಲಿಲ್ಲ. 1977ರಲ್ಲಿ ಉತ್ತರ ಗ್ರೀಸಿನ ವೆರ್ಗೀನಾದಲ್ಲಿ ಪುರಾತತ್ತ್ವಜ್ಞ ಮನೋಲಿಸ್ ಆಂಡ್ರೋನಿಕೋಸ್ ಮ್ಯಾಸಿಡೋನಿಯಾದ ರಾಜಸಮಾಧಿಗಳನ್ನು ಅಗೆದು ತೆಗೆದರು. ಒಂದು ಸಮಾಧಿಯ ಬಾಗಿಲ ಮೇಲುಗಡೆ ಉದ್ದಕ್ಕೆ ಒಂದು ಬೇಟೆಯ ಚಿತ್ರವಿತ್ತು. ಕುದುರೆಯ ಮೇಲಿನ ಬೇಟೆಗಾರರು, ಎಲೆ ಉದುರಿದ ಮರ, ಹಿಂಬದಿಯಿಂದ ಕಾಣುವ ಕುದುರೆ. ಅಲೆಕ್ಸಾಂಡರ್ ಮೊಸಾಯಿಕ್‌ನಲ್ಲೂ ಒಂದೇ ಒಂದು ಬೋಳು ಮರ ನಿಂತಿದೆ. ಇಟಲಿಯ ನೆಲದಲ್ಲಿ ಕಂಡ ಕಲೆ ಅದಕ್ಕೂ ಎರಡು ಶತಮಾನ ಮೊದಲು ಮ್ಯಾಸಿಡೋನಿಯಾದಲ್ಲಿ ನಿಜವಾಗಿಯೂ ಇತ್ತು ಎಂಬುದು ಆಗ ಕಣ್ಣೆದುರು ಬಂತು.

ಹೊಳೆಯ ಕಲ್ಲಿನಿಂದ ಶುರು

ಗ್ರೀಕರು ಮೊದಲು ಬಳಸಿದ್ದು ಕಡಿದ ಕಲ್ಲಲ್ಲ, ಹೊಳೆ ಮತ್ತು ಸಮುದ್ರದ ದಂಡೆಯಲ್ಲಿ ಸಿಗುವ ಉರುಟು ಕಲ್ಲು. ಫಿಲಿಪ್ ರಾಜ ಕ್ರಿ.ಪೂ. 348ರಲ್ಲಿ ನಾಶಮಾಡಿದ ಒಲಿಂಥಸ್ ನಗರದ ಮನೆಗಳಲ್ಲಿ ಇಂಥ ನೆಲಗಳು ಸಿಕ್ಕಿವೆ. ಹೆಚ್ಚಾಗಿ ಕಪ್ಪು ನೆಲದ ಮೇಲೆ ಬಿಳಿ ಆಕೃತಿಗಳು. ನೋಡಿದರೆ ಆ ಕಾಲದ ಗ್ರೀಕ್ ಮಡಕೆಗಳ ಚಿತ್ರಗಳ ನೆನಪಾಗುತ್ತದೆ.

ಒಂದೆರಡು ತಲೆಮಾರಿನ ನಂತರ ಫಿಲಿಪ್‌ನ ರಾಜಧಾನಿ, ಅಲೆಕ್ಸಾಂಡರ್ ಹುಟ್ಟಿದ ಊರು ಪೆಲ್ಲಾದಲ್ಲಿ, ಸುಮಾರು ಕ್ರಿ.ಪೂ. 300ರ ಹೊತ್ತಿಗೆ ಅದೇ ಉರುಟು ಕಲ್ಲು ಬೇರೆಯೇ ಕೆಲಸ ಮಾಡತೊಡಗಿತು. ಅಲ್ಲಿನ ಜಿಂಕೆ ಬೇಟೆಯ ನೆಲದಲ್ಲಿ ಬಿಳಿಗೂ ಕಪ್ಪಿಗೂ ನಡುವೆ ಬೂದು, ಹಳದಿ, ಕಂದು ಕಲ್ಲುಗಳನ್ನು ಆರಿಸಿ ಸೇರಿಸಿ ಬೇಟೆಗಾರರ ತೋಳಿಗೆ, ಎದೆಗೆ ಉಬ್ಬು ತಂದಿದ್ದಾರೆ. ಮೇಲಂಗಿ ಗಾಳಿಗೆ ಹಾರುತ್ತಿದೆ. ಸುತ್ತ ಸುರುಳಿ ಬಳ್ಳಿಗಳ, ಹೂಗಳ ಅಂಚು. ಹೂಗಳನ್ನು ಬಿಡಿಸುವುದರಲ್ಲಿ ಹೆಸರಾಗಿದ್ದ ಸಿಕ್ಯೋನ್ ಊರಿನ ಪೌಸಿಯಸ್ ಎಂಬ ಚಿತ್ರಗಾರನ ಪ್ರಭಾವವನ್ನು ಇಲ್ಲಿ ಹಲವರು ಕಂಡಿದ್ದಾರೆ. ಮೇಲೆ ‘ಗ್ನೋಸಿಸ್ ಮಾಡಿದ್ದು’ ಎಂದು ಕಲ್ಲಿನಲ್ಲೇ ಬರೆದಿದೆ. ಪೆಲ್ಲಾದ ಬೇರೆ ನೆಲಗಳಲ್ಲಿ ಗೆರೆ ಸಣ್ಣದಾಗಿ ಬರಲೆಂದು ಸೀಸದ ಪಟ್ಟಿ, ಸುಟ್ಟ ಮಣ್ಣಿನ ಪಟ್ಟಿಗಳನ್ನು ಅಂಚಿಗೆ ಇಟ್ಟಿದ್ದಾರೆ. ಉರುಟು ಕಲ್ಲಿಗೆ ಕುಂಚದ ಗೆರೆ ಎಳೆಯಲು ಆಗುತ್ತಿರಲಿಲ್ಲ, ಅದಕ್ಕಾಗಿ ಪಟ್ಟ ಪಾಡು ಇದು.

ಆ ಪಾಡು ತಪ್ಪಿದ್ದು ಕಲ್ಲನ್ನು ಬೇಕಾದ ಅಳತೆಗೆ ಘನಾಕಾರವಾಗಿ ಕಡಿಯುವುದನ್ನು ಕಲಿತಾಗ. ಕ್ರಿ.ಪೂ. 3ನೆಯ ಮತ್ತು 2ನೆಯ ಶತಮಾನಗಳಲ್ಲಿ ಈ ತುಂಡುಗಳು ಕಿರಿದಾಗುತ್ತಾ ಹೋಗಿ ಕೆಲವೇ ಮಿಲಿಮೀಟರ್‌ಗೆ ಇಳಿದವು. ಸಾಲುಗಳು ನೇರ ಹೋಗುವ ಬದಲು ಕೆನ್ನೆಯ, ಕುದುರೆಯ ಕತ್ತಿನ, ಬಟ್ಟೆಯ ಮಡಿಕೆಯ ತಿರುವನ್ನು ಹಿಡಿದು ಹೋಗುತ್ತಿದ್ದವು. ಹುಳು ಹರಿದಂತೆ ಕಾಣುವ ಈ ಬಗೆಗೆ ಲ್ಯಾಟಿನ್‌ನಲ್ಲಿ ‘ಓಪಸ್ ವರ್ಮಿಕ್ಯುಲೇಟಮ್’ ಎನ್ನುತ್ತಾರೆ, ‘ವರ್ಮಿಸ್’ ಎಂದರೆ ಹುಳು. ಇಂಥ ನಾಜೂಕಿನ ಚಿತ್ರಗಳನ್ನು ಎಷ್ಟೋ ಸಲ ಕಲ್ಲಿನ ಅಥವಾ ಸುಟ್ಟ ಮಣ್ಣಿನ ತಟ್ಟೆಯಂಥ ಚೌಕಟ್ಟಿನಲ್ಲಿ ಕಾರ್ಯಾಗಾರದಲ್ಲೇ ಮಾಡಿ, ಆಮೇಲೆ ತಂದು ನೆಲದ ನಡುವೆ ಕೂರಿಸುತ್ತಿದ್ದರು. ಒಂದು ಊರಿನಲ್ಲಿ ಮಾಡಿದ್ದನ್ನು ಇನ್ನೊಂದು ಊರಿಗೆ ಹಡಗಿನಲ್ಲಿ ಒಯ್ಯಲೂ ಇದರಿಂದ ಸಾಧ್ಯವಾಯಿತು.

ಚಿತ್ರಗಾರನಿಗೆ ಇರುವ ಒಂದು ಅನುಕೂಲ ಮೊಸಾಯಿಕ್ ಮಾಡುವವನಿಗಿಲ್ಲ. ಅವನು ಬಣ್ಣವನ್ನು ಬೆರೆಸುವಂತಿಲ್ಲ. ಕಲ್ಲು ಹುಟ್ಟಿದ ಬಣ್ಣವೇ ಅದರ ಬಣ್ಣ. ಕೆನ್ನೆಯ ಒಂದು ನಸುಗೆಂಪು ಬೇಕೆಂದರೆ ನಾಲ್ಕಾರು ಬಗೆಯ ಕಲ್ಲುಗಳನ್ನು ಪಕ್ಕಪಕ್ಕ ಇಟ್ಟು, ದೂರ ನಿಂತು ನೋಡುವ ಕಣ್ಣೇ ಅವನ್ನು ಬೆರೆಸಿಕೊಳ್ಳುವಂತೆ ಮಾಡಬೇಕು. ಚಿತ್ರಗಾರ ಒಂದು ಕ್ಷಣದಲ್ಲಿ ಎಳೆದ ಗೆರೆಗೆ ಇವನು ಒಂದು ದಿನ ಕೊಡಬೇಕು. ಗಾರೆ ಒಣಗುವುದರೊಳಗೆ ಕೂರಿಸಿ ಮುಗಿಸಬೇಕು.

ಗುಡಿಸದ ಕೋಣೆ

ಹಾಗಾದರೆ ಇವರೆಲ್ಲ ನಕಲುಗಾರರೇ? ಪ್ಲಿನಿ ಹೆಸರಿಟ್ಟು ಹೊಗಳುವ ಮೊಸಾಯಿಕ್ ಕಲಾವಿದ ಪೆರ್ಗಮಮ್ ನಗರದ ಸೋಸಸ್. ಅವನ ಪ್ರಸಿದ್ಧ ಕೃತಿಯ ಹೆಸರು ‘ಗುಡಿಸದ ಕೋಣೆ’. ಔತಣ ಮುಗಿದ ಮೇಲೆ ನೆಲದ ಮೇಲೆ ಬಿದ್ದ ಎಂಜಲನ್ನೇ ಅವನು ಕಲ್ಲಿನಲ್ಲಿ ಕೂರಿಸಿದ. ಮೂಲ ಸಿಕ್ಕಿಲ್ಲ. ಆದರೆ ರೋಮ್‌ನಲ್ಲಿ 1833ರಲ್ಲಿ ಸಿಕ್ಕ, ಹೆರಾಕ್ಲಿಟಸ್ ಎಂಬವನ ಗ್ರೀಕ್ ಸಹಿಯಿರುವ ಅದೇ ಬಗೆಯ ನೆಲ ವ್ಯಾಟಿಕನ್ ಮ್ಯೂಸಿಯಮ್‌ನಲ್ಲಿದೆ. ಮೀನಿನ ಮುಳ್ಳು, ಏಡಿಯ ಕಾಲು, ಕೋಳಿಯ ಕಾಲು, ಹಣ್ಣಿನ ತೊಟ್ಟು, ಜೊತೆಗೆ ಅಕ್ರೋಟು ಕಡಿಯುತ್ತಿರುವ ಒಂದು ಇಲಿ. ಪ್ರತಿಯೊಂದಕ್ಕೂ ತನ್ನದೇ ನೆರಳು.

ಸೋಸಸ್‌ನ ಇನ್ನೊಂದು ಕೃತಿಯಲ್ಲಿ ನೀರು ಕುಡಿಯುವ ಪಾರಿವಾಳದ ತಲೆಯ ನೆರಳು ನೀರನ್ನು ಕಪ್ಪಾಗಿಸಿತ್ತೆಂದು ಪ್ಲಿನಿ ಬರೆದಿದ್ದಾನೆ. ಟಿವೋಲಿಯಲ್ಲಿರುವ ಹೇಡ್ರಿಯನ್ ಚಕ್ರವರ್ತಿಯ ಅರಮನೆಯಲ್ಲಿ 1737ರಲ್ಲಿ ಸಿಕ್ಕಿದ ಪಾರಿವಾಳಗಳ ಮೊಸಾಯಿಕ್ ಅದರ ಪ್ರತಿ ಎಂದು ಎಣಿಸಲಾಗಿದೆ. ಈಗ ಅದು ರೋಮ್‌ನ ಕ್ಯಾಪಿಟೊಲೈನ್ ಮ್ಯೂಸಿಯಮ್‌ನಲ್ಲಿದೆ.

ಝ್ಯೂಕ್ಸಿಸ್ ಬಿಡಿಸಿದ ದ್ರಾಕ್ಷಿಯನ್ನು ನಿಜವೆಂದು ತಿಳಿದು ಹಕ್ಕಿಗಳು ಕುಕ್ಕಲು ಬಂದವಂತೆ ಎಂಬ ಕಥೆಯನ್ನೂ ಪ್ಲಿನಿಯೇ ಹೇಳಿದ್ದು. ಕಣ್ಣನ್ನು ನಂಬಿಸುವ ಆ ಚಟವನ್ನು ಸೋಸಸ್ ಚಿತ್ರಗಾರರಿಂದಲೇ ಕಲಿತ. ಆದರೆ ಅದನ್ನು ಹಾಕಿದ್ದು ನೆಲಕ್ಕೆ, ನೆಲದ ಮೇಲೆ ನಿಜವಾಗಿ ಬೀಳುವ ವಸ್ತುಗಳಿಗೇ. ಗೋಡೆಯ ಮೇಲೆ ಇಲ್ಲದ ಒಂದು ಹಾಸ್ಯ ಅಲ್ಲಿ ಹುಟ್ಟಿತು. ಮುಂದೆ ಅವನ ಕೃತಿಗಳನ್ನೇ ಶತಮಾನಗಳ ಕಾಲ ಬೇರೆಯವರು ನಕಲು ಮಾಡಿದರು.

ಪೆರ್ಗಮಮ್‌ನ ಅರಮನೆಯ ಇನ್ನೊಬ್ಬ ಕಲಾವಿದ ಹೆಫೇಸ್ಟಿಯಾನ್. ತನ್ನ ಹೆಸರನ್ನು ಒಂದು ಚರ್ಮಪತ್ರದ ಚೀಟಿಯ ಮೇಲೆ ಬರೆದು, ಅದನ್ನು ಮೇಣದಿಂದ ನೆಲಕ್ಕೆ ಅಂಟಿಸಿದಂತೆ ಕಲ್ಲಿನಲ್ಲಿ ಚಿತ್ರಿಸಿದ. ಚೀಟಿಯ ಒಂದು ಮೂಲೆ ಬಿಟ್ಟುಕೊಂಡು ಸುರುಳಿಯಾಗಿದೆ! ಬಗ್ಗಿ ಕೀಳೋಣ ಎನಿಸಬೇಕು, ಹಾಗಿದೆ.

ನಾಟಕಕ್ಕೂ ಸಾಕ್ಷಿ

ಪೊಂಪೇಯಿಯ ಹೊರಗಿನ ಒಂದು ಬಂಗಲೆಯಲ್ಲಿ ಸಿಕ್ಕಿದ ಎರಡು ಪುಟ್ಟ ಮೊಸಾಯಿಕ್‌ಗಳಲ್ಲಿ ‘ಸಾಮೋಸ್‌ನ ಡಯೋಸ್ಕೋರಿಡೀಸ್ ಮಾಡಿದ್ದು’ ಎಂದು ಗ್ರೀಕ್‌ನಲ್ಲಿ ಸಹಿಯಿದೆ. ಒಂದರಲ್ಲಿ ಬೀದಿಯ ವಾದ್ಯಗಾರರು, ಇನ್ನೊಂದರಲ್ಲಿ ಮೇಜಿನ ಸುತ್ತ ಕೂತ ಹೆಂಗಸರು. ಅವರಿಗೆ ನಾಟಕದ ಮುಖವಾಡ. ಇವು ಯಾವ ನಾಟಕದ ದೃಶ್ಯಗಳೆಂದು ಖಚಿತವಾದದ್ದು ಗ್ರೀಸಿನ ಲೆಸ್ಬೋಸ್ ದ್ವೀಪದ ಮಿಟಿಲೀನಿಯಲ್ಲಿ ಇನ್ನೊಂದು ಮೊಸಾಯಿಕ್ ನೆಲ ಸಿಕ್ಕಿದಾಗ. ಡಯೋಸ್ಕೋರಿಡೀಸ್‌ಗಿಂತ ಕೆಲವು ಶತಮಾನ ಈಚಿನ ಆ ನೆಲದಲ್ಲಿ ಅವೇ ದೃಶ್ಯಗಳು, ಪಕ್ಕದಲ್ಲಿ ನಾಟಕಗಳ ಹೆಸರು. ಎರಡೂ ಮೆನಾಂಡರ್‌ನ ನಾಟಕಗಳು. ಇವೆರಡರ ಪೂರ್ತಿ ಪಠ್ಯ ಇಂದು ನಮ್ಮ ಬಳಿ ಇಲ್ಲ. ಹಡಗಿನಲ್ಲಿ ದಿನಗಟ್ಟಲೆ ದೂರದ ಎರಡು ಊರುಗಳಲ್ಲಿ, ಶತಮಾನಗಳ ಅಂತರದಲ್ಲಿ ಒಂದೇ ದೃಶ್ಯ ಒಂದೇ ಬಗೆಯಲ್ಲಿ ಬಂದಿದೆ ಎಂದರೆ ಎರಡರ ಹಿಂದೆಯೂ ಯಾವುದೋ ಒಂದು ಹಳೆಯ ಚಿತ್ರ ಇದ್ದಿರಲೇಬೇಕು.

ಸಾಲ ಮತ್ತು ತೀರುವಳಿ

ನಮ್ಮ ಸಾಹಿತ್ಯದಲ್ಲೂ ಇಂಥದೊಂದು ಸಂಗತಿ ಇದೆ. 11ನೆಯ ಶತಮಾನದಲ್ಲಿ, ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದ. ನಾವೆಲ್ಲ ಕೇಳಿರುವ ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗಭಟ್ಟನ ಸಂಸ್ಕೃತ ಕೃತಿಯನ್ನು ಅನುಸರಿಸಿದೆನೆಂದು ಅವನೇ ಹೇಳುತ್ತಾನೆ. ವಸುಭಾಗಭಟ್ಟನ ಆ ಮೂಲ ಇಂದು ಸಿಗುತ್ತಿಲ್ಲ. ಅದು ಹೇಗಿತ್ತು ಎಂದು ತಿಳಿಯಬೇಕಾದವರು ಕನ್ನಡಕ್ಕೆ ಬರಬೇಕು. ದುರ್ಗಸಿಂಹನನ್ನು ‘ಬರೀ ಅನುವಾದಕ’ ಎಂದು ನಾವು ಬದಿಗಿಡುತ್ತೇವೆಯೇ? ಇಲ್ಲ. ಅವನ ಕನ್ನಡವನ್ನು ಅವನ ಕನ್ನಡಕ್ಕಾಗಿಯೇ ಓದುತ್ತೇವೆ.

ಪೊಂಪೇಯಿಯ ನೆಲವನ್ನೂ ಹಾಗೇ ನೋಡಬೇಕೆಂದು ನನಗನಿಸುತ್ತದೆ. ಗ್ರೀಕ್ ಚಿತ್ರಕಲೆ ಇಲ್ಲದಿದ್ದರೆ ಆ ಕುದುರೆ ಇಲ್ಲ, ಆ ಗುರಾಣಿಯಲ್ಲಿ ಮುಖವಿಲ್ಲ, ದಾರಿಯಸ್‌ನ ಚಾಚಿದ ಕೈ ಇಲ್ಲ. ಸಾಲ ದೊಡ್ಡದು. ಆದರೆ ಸಾಲ ಕೊಟ್ಟವರ ಹಲಗೆಗಳೆಲ್ಲ ಉರಿದುಹೋದ ಮೇಲೆ ಅವರ ಹೆಸರಿಗೆ ಒಂದು ಅರ್ಥ ಉಳಿಸಿದ್ದು ಹದಿನೈದು ಲಕ್ಷ ಕಲ್ಲುಗಳನ್ನು ಮಂಡಿಯೂರಿ ಕೂರಿಸಿದ ಜನ. ಅಲೆಕ್ಸಾಂಡರ್ ಮೊಸಾಯಿಕ್‌ನಲ್ಲಿ ಅವರ ಸಹಿ ಇಲ್ಲ. ಎಷ್ಟು ಮಂದಿ ಇದ್ದರು, ಎಲ್ಲಿಂದ ಬಂದರು, ಒಂದೂ ಬರೆದಿಟ್ಟಿಲ್ಲ.

ಆ ನೆಲವನ್ನು 1843ರಲ್ಲಿ ಪೊಂಪೇಯಿಯಿಂದ ಕಿತ್ತು ನೇಪಲ್ಸಿಗೆ ಸಾಗಿಸಿದರು. ಈಗ ಅಲ್ಲಿನ ರಾಷ್ಟ್ರೀಯ ಪುರಾತತ್ತ್ವ ಮ್ಯೂಸಿಯಮ್‌ನಲ್ಲಿದೆ. 1916ರಿಂದ ಅದನ್ನು ಗೋಡೆಗೆ ನಿಲ್ಲಿಸಿದ್ದಾರೆ. ಕಾಲಡಿಯಲ್ಲಿದ್ದ ಚಿತ್ರ ಹೀಗೆ ತನ್ನ ಮೂಲದ ಹಲಗೆಯಂತೆ ಕಣ್ಣಿನ ಎತ್ತರಕ್ಕೆ ಬಂತು. ನೆಟ್ಟಗೆ ನಿಂತ ಭಾರಕ್ಕೆ ಕೆಲವೆಡೆ ಉಬ್ಬಿ, ಬಿರುಕು ಬಿಟ್ಟು, ಕಲ್ಲುಗಳು ಸಡಿಲವಾದವು. 2021ರಲ್ಲಿ ಮ್ಯೂಸಿಯಮ್ ದೊಡ್ಡ ದುರಸ್ತಿ ಕೆಲಸವನ್ನು ಕೈಗೆತ್ತಿಕೊಂಡಿತು. ಪೊಂಪೇಯಿಯ ಮನೆಯಲ್ಲಿ ಅದೇ ಜಾಗದಲ್ಲಿ 2005ರಲ್ಲಿ ಒಂದು ಪ್ರತಿಯನ್ನು ಹಾಸಿದ್ದಾರೆ. ಹೋದವರು ಅಲ್ಲಿ ನೋಡುವುದು ನಕಲಿನ ನಕಲನ್ನು.

ಮೊಸಾಯಿಕ್‌ನ ಎಡಭಾಗದಲ್ಲಿ ಬಹಳಷ್ಟು ಕಲ್ಲುಗಳು ಉದುರಿಹೋಗಿ ಬರೀ ಗಾರೆ ಉಳಿದಿದೆ. ಕೆಲವು ಕಡೆ ಪೊಂಪೇಯಿಯವರೇ ಅಂದಿನ ಕಾಲದಲ್ಲಿ ಮಾಡಿದ ಒರಟು ರಿಪೇರಿ ಎದ್ದು ಕಾಣುತ್ತದೆ. ಮೂಲದ ನಾಜೂಕು ಅವರಿಗೆ ಬರುತ್ತಿರಲಿಲ್ಲ. ಆದರೂ ಒಡೆದು ಹೊಸ ನೆಲ ಹಾಕಿಸಿಕೊಳ್ಳಲಿಲ್ಲ. ಕೈಗೆ ಸಿಕ್ಕ ಕಲ್ಲನ್ನೋ ಗಾರೆಯನ್ನೋ ತುಂಬಿ, ಇದ್ದದ್ದನ್ನು ಉಳಿಸಿಕೊಂಡರು. ಆ ಒರಟು ತೇಪೆಗಳಿಗೂ ನಾವು ಋಣಿಗಳೇ.